ಗೂಳೂರು ತೋಟದ ಪತ್ರ ಬರೆದವಳು

ಹನ್ನೊಂದು ವರ್ಷ ನಾನು ಬರೆದ ಯಾವ ಪತ್ರದಲ್ಲೂ ನನ್ನ ಹೆಸರಿಲ್ಲ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಹಕ್ಕು ಬಿಡುಗಡೆ ಪತ್ರ ಎಲ್ಲವನ್ನೂ ಬರೆದೆ. ಮಾರುವವರ ಸಹಿ, ಕೊಳ್ಳುವವರ ಸಹಿ, ಸಾಕ್ಷಿಗಳ ಸಹಿ ಎಲ್ಲ ಆದಮೇಲೆ ಕೊನೆಯ ಹಾಳೆಯ ತಳದಲ್ಲಿ ‘ಬಿಕ್ಕಲಂ’ ಎಂದು ಒಂದು ಸಾಲಿರುತ್ತದೆ. ಈ ಪತ್ರವನ್ನು ಬರೆದವರು ಇಂಥವರು, ಅವರ ಲೈಸೆನ್ಸ್ ನಂಬರ್ ಇಷ್ಟು ಎಂದು ತಿಳಿಸುವ ಸಾಲು. ಆ ಜಾಗದಲ್ಲಿ ನನ್ನ ಸೋದರಮಾವನ ಸಹಿ ಇರುತ್ತಿತ್ತು. ಒಳಗಿನ ಅಕ್ಷರವೆಲ್ಲ ನನ್ನದು, ತಳದ ಒಂದು ಸಾಲು ಅವರದು. ಅಡುಗೆ ಮಾಡಿದವಳನ್ನು ಬಿಟ್ಟು ಬಡಿಸಿದವರನ್ನು ಹೊಗಳಿದ ಹಾಗಾಯಿತು ಎಂದು ಎಷ್ಟೋ ಸಲ ಗೊಣಗಿದ್ದೇನೆ.

ಕಾನೂನಿನಲ್ಲಿ ಗೊಂದಲವೇನೂ ಇಲ್ಲ. ಇನ್ನೊಬ್ಬರ ಆಸ್ತಿಯ ಪತ್ರವನ್ನು ಕೂಲಿ ತೆಗೆದುಕೊಂಡು ಬರೆದುಕೊಡಬೇಕಾದರೆ, ವಕೀಲರ ಮಾತು ಬೇರೆ, ಉಳಿದವರಿಗೆ ಸರ್ಕಾರದ ಲೈಸೆನ್ಸ್ ಬೇಕು. ಅದನ್ನು ಕೊಡುವವರು ಜಿಲ್ಲಾ ನೋಂದಣಾಧಿಕಾರಿ. ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು, ಬರೆದ ಪ್ರತಿ ಪತ್ರವನ್ನೂ ರಿಜಿಸ್ಟರಿನಲ್ಲಿ ನಮೂದಿಸಬೇಕು, ನಂಬರನ್ನು ಇನ್ನೊಬ್ಬರಿಗೆ ಎರವಲು ಕೊಡಬಾರದು. ತುಮಕೂರಿನಲ್ಲಿ ನಮ್ಮ ಕೋಣೆಯಿದ್ದ ಸಾಲಿನಲ್ಲಿ ಹೊರಗೆ ನೇತುಹಾಕಿದ್ದ ಬೋರ್ಡುಗಳು ಆರು. ಒಳಗೆ ಕೂತು ಬರೆಯುತ್ತಿದ್ದವರು ಹದಿನಾರೋ ಹದಿನೇಳೋ ಜನ. ಬೋರ್ಡು ಇದ್ದವರೂ ಒಂದು ಕಾಲದಲ್ಲಿ ಬೋರ್ಡಿಲ್ಲದೆ ಬರೆದೇ ಕಲಿತವರು. ಆದ್ದರಿಂದ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ನಾನು ಗುಬ್ಬಿಯವಳು. ನನ್ನ ಗಂಡನಿಗೆ ಅಲ್ಲೇ ಪೇಟೆಯಲ್ಲಿ ಟೈಲರ್ ಅಂಗಡಿ. ಸೋದರಮಾವ ತುಮಕೂರಿನ ಸದಾಶಿವನಗರದಲ್ಲಿ ಮನೆ ಮಾಡಿಕೊಂಡಿದ್ದರು. ಒಂದು ದಿನ ಮನೆಗೆ ಬಂದವರು, ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವವರು ಸಿಕ್ಕುತ್ತಿಲ್ಲ, ಎರಡು ತಿಂಗಳ ಮಟ್ಟಿಗೆ ಬಾ ಅಂದರು. ಬೆಳಗಿನ ರೈಲು ಹಿಡಿದು ಹೋದೆ. ಆ ಎರಡು ತಿಂಗಳು ಹನ್ನೊಂದು ವರ್ಷವಾಯಿತು ಎಂದು ನನ್ನ ಗಂಡ ಈಗಲೂ ಹಂಗಿಸುತ್ತಾರೆ.

ಮಾವ ಕೆಲಸ ಮಾಡುತ್ತಿದ್ದ ರೀತಿಯೇ ಬೇರೆ. ಪಾರ್ಟಿಯವರು ಬಂದರೆ ಮೊದಲು ಪಹಣಿ ನೋಡುವುದು, ಆಮೇಲೆ ಮ್ಯುಟೇಶನ್, ಆಮೇಲೆ ಇಸಿ ಅನ್ನುವ ಋಣಭಾರ ಪತ್ರ, ಆಮೇಲೆ ಮೂಲಪತ್ರ. ಇದನ್ನು ಎಲ್ಲರೂ ಮಾಡುತ್ತಾರೆ. ಇದೆಲ್ಲ ಸರಿಯಿದೆ ಅಂತಾದ ಮೇಲೆ ಮಾವ ಕನ್ನಡಕ ತೆಗೆದಿಟ್ಟು, ‘ಮನೇಲಿ ಹಿರೀ ಹೆಂಗಸರು ಯಾರವ್ರೆ?’ ಅನ್ನುತ್ತಿದ್ದರು. ಅವರನ್ನು ಕರೆದುಕೊಂಡು ಬನ್ನಿ, ಅವರನ್ನು ಕೇಳದೆ ನಾನು ಒಂದಕ್ಷರ ಬರೆಯುವುದಿಲ್ಲ ಅನ್ನುವುದು ಅವರ ಹಟ. ಪಾರ್ಟಿಯವರು ಗೊಣಗುತ್ತಲೇ ಹೋಗಿ ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಬರುವರು. ಮಾವ ಅಜ್ಜಿಗೆ ಕುರ್ಚಿ ಹಾಕಿಸಿ, ಟೀ ತರಿಸಿ, ಗಂಡಸರನ್ನು ಹೊರಗೆ ಕಳಿಸಿ ಕೇಳುತ್ತಿದ್ದುದು ಒಂದೇ ಪ್ರಶ್ನೆ.

‘ಹೆಣ್ಮಕ್ಳು ಎಷ್ಟ್ ಜನ ತಾಯಿ? ದೊಡ್ಡೋಳಿಂದ ಹೇಳಿ. ಯಾರ್ಯಾರ್ನ ಎಲ್ಲೆಲ್ಲಿಗೆ ಕೊಟ್ಟಿದೀರಿ?’

ಊರ್ಡಿಗೆರೆ ಕಡೆಯ ಒಂದು ಮನೆಯವರು ನೆನಪಾಗುತ್ತಾರೆ. ಎಷ್ಟು ಜನ ಮಕ್ಕಳಪ್ಪ ಎಂದರೆ ಹಿರಿಯ ಮಗ ‘ಮೂರ್ ಜನ ಸಾರ್’ ಅಂದಿದ್ದ. ಅಜ್ಜಿ ಬಂದು ಬೆರಳು ಮಡಿಸುತ್ತಾ ಹೋದರು. ಆರಾಯಿತು. ‘ಚಿಕ್ಕೋಳು ಹೋಗ್ಬುಟ್ಲು, ಅವಳ್ ಮಕ್ಳು ಇಬ್ರವ್ರೆ’ ಅಂದಾಗ ಏಳಾಯಿತು. ಆ ಮಗ ಸುಳ್ಳು ಹೇಳಿದ್ದೇನಲ್ಲ. ನಮ್ಮ ಕಡೆ ಗಂಡಸರು ಮನೆಯವರನ್ನು ಎಣಿಸುವುದೇ ಹಾಗೆ. ಮದುವೆ ಮಾಡಿ ಕೊಟ್ಟ ಹೆಣ್ಣುಮಗಳು ಲೆಕ್ಕದಿಂದ ತಾನಾಗಿಯೇ ಬಿದ್ದುಹೋಗಿರುತ್ತಾಳೆ. ಹೆತ್ತವಳ ಲೆಕ್ಕದಲ್ಲಿ ಮಾತ್ರ ಸತ್ತವಳೂ ಇರುತ್ತಾಳೆ.

ಒಮ್ಮೆ ಬ್ಯಾಂಕಿನ ಅಧಿಕಾರಿಯೊಬ್ಬರು ಸಾಲದ ಕಾಗದಕ್ಕೆ ಬಂದವರು ಮಾವನ ಈ ವಿಚಾರಣೆಯನ್ನು ನೋಡಿ ನಕ್ಕರು. ಬೇರೆ ದೇಶಗಳಲ್ಲಿ ಆಸ್ತಿಯ ಹಕ್ಕಿಗೇ ಇನ್ಶೂರೆನ್ಸ್ ಮಾಡಿಸುತ್ತಾರಂತೆ. ಹಿಂದಿನ ಹಕ್ಕುದಾರ ಯಾರಾದರೂ ಎದ್ದು ಬಂದರೆ ಕಂಪನಿಯವರು ನಷ್ಟ ಕಟ್ಟಿಕೊಡುತ್ತಾರಂತೆ. ಆ ಇನ್ಶೂರೆನ್ಸ್ ಮಾರುವ ಏಜೆಂಟರಿಗೂ, ಅವರ ಏಜೆನ್ಸಿಗೂ ಅಲ್ಲಿನ ಸರ್ಕಾರದ ಲೈಸೆನ್ಸ್ ಬೇಕಂತೆ, ಅದಕ್ಕೆ ಪರೀಕ್ಷೆ, ಪೊಲೀಸ್ ವಿಚಾರಣೆ, ಠೇವಣಿ ಎಲ್ಲ ಉಂಟಂತೆ. ಮಾವ ಪೂರ್ತಿ ಕೇಳಿಸಿಕೊಂಡು, ‘ನಮ್ಮಲ್ಲಿ ಆ ಕೆಲ್ಸ ಅಜ್ಜೀರು ಮಾಡ್ತಾರೆ ಸಾರ್. ಒಂದ್ ಟೀ ಖರ್ಚು’ ಅಂದರು. ಅಧಿಕಾರಿಗೂ ನಗು ತಡೆಯಲಾಗಲಿಲ್ಲ.

ನಾನು ಲೈಸೆನ್ಸಿಗೆ ಅರ್ಜಿ ಹಾಕಿದ್ದು ಮಾವನ ಕಣ್ಣಿನ ದೆಸೆಯಿಂದ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಜೊತೆಗೆ ಎಲ್ಲವೂ ಆನ್‌ಲೈನ್ ಆಗಿ, ಪತ್ರವನ್ನು ಮೊದಲೇ ಅಪ್‌ಲೋಡ್ ಮಾಡಿ, ಫೀಸು ಕಟ್ಟಿ, ಸ್ಲಾಟ್ ಹಿಡಿದು ಹೋಗುವ ಕಾಲ ಬಂತು. ಮಾವನಿಗೆ ಅದು ಹಿಡಿಸಲಿಲ್ಲ. ‘ಈ ಸಲ ನವೀಕರಣ ಮಾಡ್ಸಲ್ಲ ಕಣಮ್ಮ. ನಿನ್ ಹೆಸ್ರಲ್ಲಿ ತಗೋ’ ಅಂದರು. ನನಗೆ ಆಗ ನಲವತ್ತೆರಡು. ಲೈಸೆನ್ಸ್ ಬಂದರೆ ಅದೇ ಕೋಣೆ, ಅದೇ ಮೇಜು, ನನ್ನ ಬೋರ್ಡು. ಬರದಿದ್ದರೆ ಮಾವ ಬಾಗಿಲು ಹಾಕಿದ ದಿನವೇ ನಾನೂ ಗುಬ್ಬಿಗೆ ಹೋಗಿ ಗಂಡನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾ ಕೂರಬೇಕು. ಗುಂಡಿ ಹೊಲಿಯುವುದು ಕೀಳು ಕೆಲಸವೇನಲ್ಲ. ಆದರೆ ನನಗೆ ಇಷ್ಟವಿದ್ದದ್ದು ಪತ್ರ ಬರೆಯುವ ಕೆಲಸ, ಅದನ್ನು ನಾನು ಬೋರ್ಡು ಇದ್ದವರಿಗಿಂತ ಚೆನ್ನಾಗಿ ಮಾಡುತ್ತೇನೆ ಅನ್ನುವ ಜಂಬವೂ ಇತ್ತು.

ಅರ್ಜಿಯ ಜೊತೆ ಮಾರ್ಕ್ಸ್ ಕಾರ್ಡು, ನಡತೆಯ ಪ್ರಮಾಣಪತ್ರ, ಫೋಟೋ ಎಲ್ಲ ಸುಲಭವಾಗಿ ಸಿಕ್ಕಿದವು. ಅನುಭವದ ಪತ್ರದ ಹತ್ತಿರ ಬಂದು ನಿಂತೆವು. ಹನ್ನೊಂದು ವರ್ಷ ಪತ್ರ ಬರೆದಿದ್ದಾಳೆ ಎಂದು ಮಾವ ಬರೆದುಕೊಟ್ಟರೆ ಲೈಸೆನ್ಸ್ ಇಲ್ಲದೆ ಬರೆದವಳಾದೆ, ಅದು ತಪ್ಪು. ಬರೆದೇ ಇಲ್ಲ ಎಂದರೆ ಕೆಲಸ ಗೊತ್ತಿಲ್ಲದವಳಾದೆ. ಈಜಲು ಬರುವವರು ಮಾತ್ರ ಬನ್ನಿ, ಆದರೆ ಈ ಮೊದಲು ನೀರಿಗೆ ಇಳಿದಿರಬಾರದು ಎಂದ ಹಾಗೆ. ನಮ್ಮ ಸಾಲಿನವರೆಲ್ಲ ಒಂದೇ ಉಪಾಯ ಹೇಳಿದರು. ‘ಟೈಪ್ ಮಾಡ್ತಿದ್ದೆ ಅನ್ನಮ್ಮ. ಸಾರ್ ಹೇಳ್ತಿದ್ರು, ನಾನ್ ಟೈಪ್ ಮಾಡ್ತಿದ್ದೆ. ಅಷ್ಟೇ. ನಾವೆಲ್ಲ ಹಂಗೇ ಅಂದಿದ್ದು.’ ಮಾವ ಹಾಗೆಯೇ ಬರೆದುಕೊಟ್ಟರು. ಸಹಿ ಮಾಡುವಾಗ ಮುಖ ಸಪ್ಪೆಯಾಗಿತ್ತು.

ಇದೇ ಹೊತ್ತಿಗೆ ಗೂಳೂರಿನ ತೋಟ ಬಂತು. ಮಾರಲು ಬಂದವರು ಅಣ್ಣ ತಮ್ಮ ಇಬ್ಬರು. ತೀರಿಹೋದ ತಂದೆಯ ಹೆಸರಿನಲ್ಲಿದ್ದ ಮೂವತ್ತು ಗುಂಟೆ ತೆಂಗಿನ ತೋಟವು ತಾಯಿ ಮತ್ತು ಇಬ್ಬರು ಮಕ್ಕಳ ಹೆಸರಿಗೆ ಪೌತಿ ಖಾತೆಯಾಗಿತ್ತು. ಅಣ್ಣ ಶಾಲೆಯಲ್ಲಿ ಮೇಷ್ಟ್ರು, ತಮ್ಮ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಪಹಣಿಯಲ್ಲಿ ಮೂರು ಹೆಸರು, ವಂಶವೃಕ್ಷದಲ್ಲಿ ಅದೇ ಮೂರು ಹೆಸರು, ಇಸಿಯಲ್ಲಿ ಏನೂ ಇಲ್ಲ. ಕಾಗದ ಎಲ್ಲ ನೀಟು. ನಾಲ್ಕು ದಿನ ಕಳೆದರೆ ಆಷಾಢ. ಆಷಾಢದಲ್ಲಿ ಪತ್ರ ಬೇಡ ಎಂದು ಕೊಳ್ಳುವವರು ಹಟ ಹಿಡಿದಿದ್ದರು, ಸ್ಲಾಟುಗಳೆಲ್ಲ ತುಂಬಿಹೋಗಿದ್ದವು, ನಮಗೆ ಹೇಗೋ ಮಧ್ಯಾಹ್ನ ಹನ್ನೆರಡರ ಸ್ಲಾಟು ಸಿಕ್ಕಿತ್ತು. ಮಾವ ಒಂದು ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಮನೆಯಲ್ಲಿ ಮಲಗಿದ್ದರು.

‘ಹೆಣ್ಮಕ್ಳು?’ ಎಂದು ನಾನು ಅಣ್ಣನನ್ನು ಕೇಳಿದೆ.

‘ಇಲ್ಲ ಮೇಡಂ, ನಾವಿಬ್ರೇ’ ಅಂದರು.

ತಾಯಿಗೆ ಮಂಡಿ ನೋವು, ಎರಡೆರಡು ಸಲ ಕರೆದುಕೊಂಡು ಬರುವುದಕ್ಕಾಗುವುದಿಲ್ಲ, ರಿಜಿಸ್ಟ್ರೇಶನ್ ದಿನವೇ ಬರುತ್ತಾರೆ ಅಂದರು. ಅವತ್ತೇ ಕೇಳಿದರಾಯಿತು ಎಂದುಕೊಂಡು ನಾನು ಪತ್ರ ಬರೆದೆ. ‘ಸದರಿಯವರಿಗೆ ನಾವಿಬ್ಬರೇ ಮಕ್ಕಳಾಗಿದ್ದು, ನಮ್ಮನ್ನು ಹೊರತುಪಡಿಸಿ ಬೇರೆ ಯಾರೂ ವಾರಸುದಾರರು ಇರುವುದಿಲ್ಲ’ ಎಂಬ ಸಾಲನ್ನೂ ಸೇರಿಸಿದೆ. ಈ ಥರದ ಪತ್ರಗಳಲ್ಲಿ ಆ ಸಾಲು ಇದ್ದೇ ಇರುತ್ತದೆ, ಕೈ ತಾನಾಗಿಯೇ ಹೊಡೆದುಬಿಡುತ್ತದೆ.

ಹಾಳೆಗಳನ್ನು ತೆಗೆದುಕೊಂಡು ಸಂಜೆ ಸದಾಶಿವನಗರಕ್ಕೆ ಹೋದೆ. ಮಾವ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಓದಲು ಆಗುತ್ತಿರಲಿಲ್ಲ. ನಾನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುವ ಮೊದಲು ತಲೆಯೆತ್ತಿ, ‘ಅಜ್ಜೀನ ಕೇಳ್ದಾ?’ ಅಂದರು.

‘ಕೇಳ್ದೆ ಮಾವ’ ಅಂದೆ.

ನಾಳೆ ಕೇಳುವುದನ್ನು ಇವತ್ತೇ ಕೇಳಿದೆ ಅಂದೆ, ಅದರಲ್ಲೇನು ದೊಡ್ಡ ಸುಳ್ಳು ಎಂದು ಬಸ್ಸಿನಲ್ಲಿ ಗುಬ್ಬಿಗೆ ಹೋಗುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಾರನೆಯ ದಿನ ಅಜ್ಜಿ ಬಂದರು. ಒಳಗೆ ಜನ ಗಿಜಿಗುಡುತ್ತಿದ್ದರು. ಹೊರಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂರಿಸಿದ್ದರು. ಒಳಗೆ ಹೋಗುವ ಮೊದಲು ಹಾಳೆಗಳ ಮೇಲೆ ಹೆಬ್ಬೆಟ್ಟು ಒತ್ತಿಸಬೇಕು, ಅದಕ್ಕೂ ಮೊದಲು ಪತ್ರವನ್ನು ಓದಿ ಹೇಳಬೇಕು. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ನಾನು ಗಡಿಬಿಡಿಯಲ್ಲಿ ಓದಿದೆ. ಚಕ್ಕುಬಂದಿ, ಪೂರ್ವಕ್ಕೆ ಯಾರದು ಪಶ್ಚಿಮಕ್ಕೆ ಯಾರದು, ದುಡ್ಡು ಎಷ್ಟು, ಇಷ್ಟನ್ನು ಗಟ್ಟಿಯಾಗಿ ಓದಿ ಉಳಿದದ್ದನ್ನು ಮಣಮಣ ಅಂದೆ. ಪ್ಯಾಡಿನ ಮೇಲೆ ಅಜ್ಜಿಯ ಬೆರಳು ಹಿಡಿದು ಒತ್ತುತ್ತಿದ್ದಾಗ ಅಜ್ಜಿ ಸುತ್ತ ಒಂದು ಸಲ ನೋಡಿ ದೊಡ್ಡ ಮಗನನ್ನು ಕೇಳಿದರು.

‘ಕುಣಿಗಲ್ಲೋಳು ಬರ್ಲಿಲ್ವೇನ್ಲಾ? ಅವಳು ಬಂದ್ಮೇಲೆ ಒತ್ತನ ತಡೀರಿ.’

ನನಗೆ ಸ್ಪಷ್ಟವಾಗಿ ಕೇಳಿಸಿತು. ಅಜ್ಜಿಯ ಬೆರಳು ನನ್ನ ಕೈಯಲ್ಲೇ ಇತ್ತು. ಮೇಷ್ಟ್ರು ನನ್ನ ಮುಖ ನೋಡದೆ, ‘ನಮ್ ಚಿಕ್ಕಪ್ಪನ್ ಮಗಳು ಮೇಡಂ. ಅವ್ವಂಗೆ ಮರೆವು’ ಅಂದರು. ಆಮೇಲೆ ತಾಯಿಯ ಕಡೆಗೆ ತಿರುಗಿ, ‘ಬರ್ತಾಳೆ ಬುಡವ್ವ, ನೀನು ಒತ್ತು’ ಅಂದರು. ಒಳಗಿನಿಂದ ನಮ್ಮ ಟೋಕನ್ ನಂಬರ್ ಕೂಗಿದರು. ಚಿಕ್ಕಪ್ಪನ ಮಗಳು ಬರಲಿ ಎಂದು ಹೆಬ್ಬೆಟ್ಟು ತಡೆಹಿಡಿಯುವ ಅಜ್ಜಿ ಲೋಕದಲ್ಲಿ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಬೆರಳನ್ನು ಆರು ಹಾಳೆಗಳ ಮೇಲೆ ಒತ್ತಿಸಿದೆ. ಪತ್ರ ನೋಂದಣಿಯಾಯಿತು. ಅಣ್ಣತಮ್ಮಂದಿರು ನಮ್ಮ ಕೋಣೆಗೆ ಮೈಸೂರುಪಾಕು ತಂದುಕೊಟ್ಟರು. ನಾನು ತಿಂದೆ.

ಆಷಾಢ ಕಳೆದು ಶ್ರಾವಣ ಬಂತು. ಮಾವನಿಗೆ ಒಂದು ಕಣ್ಣು ಸ್ವಲ್ಪ ತಿಳಿಯಾಗಿ ಕೋಣೆಗೆ ಬರಲು ಶುರುಮಾಡಿದ್ದರು. ಒಂದು ಬೆಳಿಗ್ಗೆ ಐವತ್ತೈದು ದಾಟಿದ ಹೆಂಗಸೊಬ್ಬರು ಬಂದರು. ಕುಣಿಗಲ್‌ನಲ್ಲಿ ಶಾಲೆಯ ಬಿಸಿಯೂಟದ ಅಡುಗೆ ಮಾಡುವವರು, ಅವತ್ತು ರಜೆ ಹಾಕಿ ಬಸ್ಸು ಹತ್ತಿ ಬಂದಿದ್ದರು. ಪ್ಲಾಸ್ಟಿಕ್ ಕವರಿನಿಂದ ಗೂಳೂರು ಪತ್ರದ ನಕಲನ್ನು ತೆಗೆದು ಮೇಜಿನ ಮೇಲಿಟ್ಟರು. ತೋಟಕ್ಕೆ ಬೇಲಿ ಹಾಕುತ್ತಿದ್ದಾರೆಂದು ಊರಿನವರು ಯಾರೋ ಫೋನ್ ಮಾಡಿ ಹೇಳಿದ್ದರಂತೆ.

‘ಇದ್ರಲ್ಲಿ ನಾನು ಎಲ್ಲಿದೀನಿ, ಒಂಚೂರು ತೋರ್ಸಿ’ ಅಂದರು.

ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳ ನನಗೆ ಬರುತ್ತದೆ. ಮಾವ ನಕಲನ್ನು ಒಂದು ಕಣ್ಣಿಗೆ ಹತ್ತಿರ ಹಿಡಿದು ಕೊನೆಯ ಹಾಳೆಯಲ್ಲಿ ತಮ್ಮದೇ ಸಹಿ ನೋಡಿ ಅದನ್ನು ಮೇಜಿನ ಮೇಲಿಟ್ಟರು.

‘ಭಾಗ ನಂಗೆ ಬೇಡ’ ಅಂದರು ಆ ಹೆಂಗಸು. ‘ಬೇಡ ಅಂತ ನಮ್ಮಣ್ಣಂಗೆ ನಾನೇ ಎಷ್ಟ್ ಸಲ ಹೇಳಿದೀನಿ. ಕರೆದಿದ್ರೆ ಬಂದು ಸೈನ್ ಹಾಕಿ ಹೋಗ್ತಿದ್ದೆ. ನಂಗೆ ಕೊಟ್ಟಿರೋದು ಇದು.’ ಅವರ ಬೆರಳು ಆ ಸಾಲಿನ ಮೇಲಿತ್ತು. ನಾವಿಬ್ಬರೇ ಮಕ್ಕಳಾಗಿದ್ದು. ‘ಇದ್ರ ಕೆಳ್ಗೆ ನಮ್ಮವ್ವ ಹೆಬ್ಬೆಟ್ಟು ಒತ್ತವ್ಳೆ. ನಾನು ಅವಳ ಹೊಟ್ಟೇಲಿ ಹುಟ್ಟೇ ಇಲ್ಲ ಅಂತ ಒತ್ತವ್ಳೆ. ಅಣ್ಣತಮ್ಮ ಮಾಡಿದ್ರು, ಮಾಡ್ಲಿ. ಅವ್ವ ಹೆಂಗ್ ಒತ್ತಿದ್ಲು ಹೇಳಿ.’

ಆಗ ನಾನು ಹೇಳಬೇಕಾಗಿತ್ತು. ಇಲ್ಲಮ್ಮ, ನಿಮ್ಮವ್ವ ನಿಮ್ಮನ್ನು ಕೇಳಿದರು, ನೀವು ಬಂದ ಮೇಲೆ ಒತ್ತುತ್ತೇನೆ ಅಂದರು ಎಂದು ಒಂದೇ ಒಂದು ಮಾತು. ಆ ಮಾತು ಹೇಳಿದರೆ ಅದರ ಹಿಂದೆಯೇ ಇನ್ನೊಂದು ಹೇಳಬೇಕು, ನಾನು ಅದನ್ನು ಕೇಳಿಸಿಕೊಂಡೂ ಒತ್ತಿಸಿದೆ ಎಂದು. ನನ್ನ ಅರ್ಜಿ ಜಿಲ್ಲಾ ಕಚೇರಿಯ ಮೇಜಿನ ಮೇಲಿತ್ತು. ನಾನು ಟೈಪ್ ಮಾಡುವವಳು ಮಾತ್ರ, ಪತ್ರದ ವಿಷಯ ನನಗೇನು ಗೊತ್ತು ಎನ್ನುವ ಮುಖ ಮಾಡಿಕೊಂಡು ಕೀಬೋರ್ಡ್ ನೋಡುತ್ತಾ ಕೂತೆ.

‘ತಪ್ಪು ನಂದು ತಾಯಿ. ನಂಬರ್ ನಂದು’ ಎಂದು ಮಾವ ಕೈಮುಗಿದರು.

‘ಹಂಗಾರೆ ನಿಮ್ಮ ನಂಬರ್ ಮೇಲೇ ಕಂಪ್ಲೇಂಟ್ ಕೊಡ್ತೀನಿ’ ಎಂದು ಅವರು ನಕಲನ್ನು ಮಡಿಸಿ ಕವರಿಗೆ ಹಾಕಿಕೊಂಡು ಹೋದರು.

ಅವರು ಹೋದ ಮೇಲೆ ಮಾವ ನನ್ನನ್ನು ಬೈಯಲಿಲ್ಲ. ‘ಅಜ್ಜೀನ ಕೇಳ್ದೆ ಅಂದಿದ್ದೆ’ ಅಂದರು ಅಷ್ಟೆ. ‘ಕೇಳ್ಲಿಲ್ಲ ಮಾವ’ ಅಂದೆ. ಅರ್ಧ ನಿಜ. ಅಜ್ಜಿಯೇ ಬಾಯಿಬಿಟ್ಟು ಕೇಳಿದ ವಿಷಯವನ್ನು ಅವರಿಗೂ ಹೇಳಲಿಲ್ಲ. ನಲವತ್ತು ವರ್ಷ ಒಂದು ಕಂಪ್ಲೇಂಟ್ ಇಲ್ಲದೆ ನಡೆಸಿದ ನಂಬರ್ ಅದು. ಅವತ್ತು ನನಗೆ ನನ್ನ ಮೇಲೆ ಬಂದ ಅಸಹ್ಯ ಈಗಲೂ ಪೂರ್ತಿ ಹೋಗಿಲ್ಲ.

ಸೆಪ್ಟೆಂಬರಿನಲ್ಲಿ ಗೌರಿ ಗಣೇಶ ಎಲ್ಲ ಮುಗಿದ ಮೇಲೆ ಜಿಲ್ಲಾ ಕಚೇರಿಯಿಂದ ಎರಡು ನೋಟಿಸು ಬಂದವು. ಕಂಪ್ಲೇಂಟಿನ ವಿಚಾರಣೆಗೆ ಮಾವನಿಗೊಂದು, ಲೈಸೆನ್ಸಿನ ಸಂದರ್ಶನಕ್ಕೆ ನನಗೊಂದು. ಎರಡೂ ಒಂದೇ ದಿನ, ಒಂದೇ ಹೊತ್ತಿಗೆ. ನನ್ನ ಅನುಭವ ಪತ್ರ ಕೊಟ್ಟವರ ನಂಬರೂ ಕಂಪ್ಲೇಂಟಿನ ನಂಬರೂ ಒಂದೇ ಎಂದು ಅಲ್ಲಿನ ಅಧಿಕಾರಿ ಗಮನಿಸಿದ್ದರು. ಹೋಗುವಾಗ ಆಟೋದಲ್ಲಿ ಮಾವ ಹೇಳಿದರು. ‘ನಾನೇ ಬರ್ದಿದ್ದು, ನಾನೇ ವಿಚಾರಿಸ್ದೆ ತಪ್ಪು ಮಾಡ್ದೆ ಅಂತೀನಿ. ನನ್ ಲೈಸೆನ್ಸ್ ಹೆಂಗೂ ಮುಗೀತು. ನೀನು ಟೈಪ್ ಮಾಡಿದ್ದು ಅಷ್ಟೇ ಅನ್ನು. ಇಬ್ರೂ ಮುಳುಗೋದ್ ಬ್ಯಾಡ ಮಗ.’

ಅಧಿಕಾರಿ ಹೆಂಗಸು, ನನಗಿಂತ ಚಿಕ್ಕವರು. ಕೋಣೆಯಲ್ಲಿ ಅವರ ಮುಂದೆ ನಾನು, ಮಾವ. ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಣಿಗಲ್‌ನವರು ಅದೇ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮೊದಲು ಮಾವ ತಾವು ಹೇಳಬೇಕೆಂದುಕೊಂಡದ್ದನ್ನು ಹೇಳಿದರು. ಅಧಿಕಾರಿ ಕುಣಿಗಲ್‌ನವರ ಕಡೆ ತಿರುಗಿ, ಪತ್ರ ರದ್ದಾಗಬೇಕು ಅಂದರೆ ಕೋರ್ಟಿಗೆ ಹೋಗಬೇಕಾಗುತ್ತದೆ, ಇಲ್ಲಿ ಪತ್ರ ಬರೆದವರ ತಪ್ಪನ್ನು ಮಾತ್ರ ನೋಡುತ್ತೇವೆ, ನಿಮಗೆ ಏನಾಗಬೇಕು ಎಂದು ಕೇಳಿದರು.

‘ಏನೂ ಆಗ್ಬೇಕಿಲ್ಲ ಮೇಡಂ’ ಅಂದರು ಆಕೆ. ‘ನಮ್ಮವ್ವನ್ನೇ ಕೇಳ್ಬೇಕು ಅಂತ ಎಷ್ಟ್ ಸಲ ಬಸ್ ಸ್ಟ್ಯಾಂಡ್ ತನಕ ಹೋದೆ. ಹೌದು, ನೀನು ನಂಗೆ ಬ್ಯಾಡ ಅಂದ್ಬುಟ್ರೆ ಏನ್ ಮಾಡೋದು ಅಂತ ವಾಪಸ್ ಬಂದೆ. ಅದಕ್ಕೇ ಇಲ್ಲಿಗ್ ಬಂದೆ.’

ಅಧಿಕಾರಿ ನನ್ನ ಫೈಲು ತೆರೆದು, ‘ನೀವು ಇವರ ಹತ್ತಿರ ಹನ್ನೊಂದು ವರ್ಷ ಇದ್ದೀರಿ. ಏನು ಕೆಲಸ ಮಾಡ್ತಿದ್ರಿ?’ ಅಂದರು.

ಟೈಪಿಂಗ್ ಎನ್ನುವ ಮಾತು ಬಾಯಿಗೆ ಬಂದಿತ್ತು. ಆಟೋದಿಂದ ಇಳಿದಾಗಿನಿಂದ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದೆ. ಬೆಂಚಿನ ಕಡೆ ನೋಡಿದೆ. ಅವರು ಕವರಿನ ಅಂಚನ್ನು ಉಗುರಿನಿಂದ ಸರಿಮಾಡುತ್ತಿದ್ದರು.

‘ಪತ್ರ ಬರೀತಿದ್ದೆ ಮೇಡಂ’ ಅಂದೆ. ‘ಗೂಳೂರಿನ ಪತ್ರವನ್ನೂ ನಾನೇ ಬರೆದೆ. ಇವರಿಗೆ ಕಣ್ಣಿನ ಆಪರೇಶನ್ ಆಗಿತ್ತು, ನಾನು ಸುಳ್ಳು ಹೇಳಿ ಸಹಿ ಹಾಕಿಸಿಕೊಂಡೆ. ಹೆಬ್ಬೆಟ್ಟು ಒತ್ತಿಸಿದವಳೂ ನಾನೇ. ಆವಾಗ ಅವರ ತಾಯಿ, ಕುಣಿಗಲ್ಲೋಳು ಬರಲಿಲ್ವಾ, ಅವಳು ಬಂದ ಮೇಲೆ ಒತ್ತನ ತಡೀರಿ ಅಂದ್ರು. ನನಗೆ ಚೆನ್ನಾಗಿ ಕೇಳಿಸ್ತು. ಬರ್ತಾಳೆ ಬುಡವ್ವ ಅಂತ ಮಗ ಅಂದ. ನಾನು ಸುಮ್ಮನೆ ಬೆರಳು ಹಿಡಿದು ಒತ್ತಿಸಿದೆ. ಆ ತಾಯಿಗೆ ಆ ಸಾಲನ್ನು ನಾನು ಸರಿಯಾಗಿ ಓದಿ ಹೇಳಿರಲೇ ಇಲ್ಲ.’

ಮಾವ ನನ್ನನ್ನು ತಿರುಗಿ ನೋಡಿದರು. ಅಧಿಕಾರಿ ಪೆನ್ನು ಕೆಳಗಿಟ್ಟು, ಇದನ್ನೆಲ್ಲ ಬರವಣಿಗೆಯಲ್ಲಿ ಕೊಡಬೇಕಾಗುತ್ತದೆ ಎಂದರು. ಕೊಟ್ಟೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಮಾವನ ಲೈಸೆನ್ಸನ್ನು ಅಮಾನತು ಮಾಡಿದರು. ಹೇಗೂ ಬಿಡುವವರಿದ್ದರು, ಆದರೆ ತಾವಾಗಿ ಬಿಡುವುದೇ ಬೇರೆ, ಕಿತ್ತುಕೊಳ್ಳುವುದೇ ಬೇರೆ. ಅವರು ಅದರ ಬಗ್ಗೆ ನನ್ನ ಹತ್ತಿರ ಮಾತಾಡಿಲ್ಲ. ನನ್ನ ಅರ್ಜಿ ತಿರಸ್ಕಾರವಾಯಿತು. ಸ್ವಲ್ಪ ಕಾಲ ಬಿಟ್ಟು ಮತ್ತೆ ಹಾಕಬಹುದು, ಅನುಭವದ ಕಾಲಂನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದು ಆ ಅಧಿಕಾರಿ ಹೇಳಿದ್ದಾರೆ. ಈ ವರ್ಷ ಹಾಗೆಯೇ ಬರೆದು ಹಾಕಿದ್ದೇನೆ. ಉತ್ತರ ಬರುವ ತನಕ ಗುಬ್ಬಿಯಲ್ಲಿ ಗುಂಡಿ ಹೊಲಿಯುತ್ತಿದ್ದೇನೆ. ತೋಟ ಕೊಂಡವರ ಹೆಸರಿಗೆ ಕುಣಿಗಲ್‌ನವರು ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟರಂತೆ, ಪಕ್ಕದ ಕೋಣೆಯವರು ಬರೆದರಂತೆ.

ಇವುಗಳಲ್ಲಿ ಯಾವುದೂ ನನ್ನನ್ನು ಅಷ್ಟು ಕಾಡುವುದಿಲ್ಲ. ಕಾಡುವುದು ಅವತ್ತು ಕಚೇರಿಯ ವರಾಂಡದಲ್ಲಿ ಆದದ್ದು. ನಾನು ಹೇಳಿಕೆ ಬರೆದುಕೊಟ್ಟು ಹೊರಗೆ ಬಂದಾಗ ಆಕೆ ಕಂಬದ ಪಕ್ಕ ನನಗಾಗಿ ಕಾದು ನಿಂತಿದ್ದರು. ಬೈಯುತ್ತಾರೆ, ಬೈಸಿಕೊಳ್ಳೋಣ ಎಂದು ಎದುರಿಗೆ ಹೋಗಿ ನಿಂತೆ.

‘ಇನ್ನೊಂದ್ಸಲ ಹೇಳಮ್ಮ’ ಅಂದರು. ‘ಅವ್ವ ಹೆಂಗಂದ್ಲೋ ಹಂಗೇ ಹೇಳು.’

‘ಕುಣಿಗಲ್ಲೋಳು ಬರ್ಲಿಲ್ವೇನ್ಲಾ, ಅವಳು ಬಂದ್ಮೇಲೆ ಒತ್ತನ ತಡೀರಿ ಅಂದ್ರು.’

ಅವರು ತಲೆಯಾಡಿಸಿದರು. ಅದನ್ನು ಬಾಯಲ್ಲಿ ಒಂದು ಸಲ ತಾವೇ ಹೇಳಿಕೊಂಡರು. ಸೆರಗಿನಿಂದ ಮೂಗು ಒರೆಸಿಕೊಂಡರು. ಗೂಳೂರಿನ ಮೇಲೆ ಹೋಗುವ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದರು, ಹೇಳಿದೆ. ಹೊರಟವರು ಎರಡು ಹೆಜ್ಜೆ ಹೋಗಿ ನಿಂತರು.

‘ಗೌರಿ ಹಬ್ಬಕ್ಕೆ ಅವ್ವ ಬಾಗಿನ ಕಳ್ಸಿದ್ಲು’ ಅಂದರು. ‘ಮದ್ವೆ ಆದಾಗ್ನಿಂದ ಒಂದ್ ವರ್ಷಾನೂ ತಪ್ಸಿಲ್ಲ. ಈ ಸಲ ನಾನು ಮೊರ ಬಿಚ್ಚೂ ನೋಡ್ಲಿಲ್ಲ. ತಂದೋರ್ ಕೈಲೇ ವಾಪಸ್ ಕಳಿಸ್ಬುಟ್ಟೆ.’

ಕವರನ್ನು ಕಂಕುಳಿಗೆ ಸೇರಿಸಿಕೊಂಡು ನನ್ನ ಕಡೆ ತಿರುಗಿದರು.

‘ನಾನು ನಿಮ್ಮ ರೂಮಿಗ್ ಬಂದಿದ್ದು ಹಬ್ಬಕ್ಕಿಂತ ಮುಂಚೆ ಅಲ್ವೇನಮ್ಮ?’ ಎಂದು ಕೇಳಿದರು.

ಹೌದು, ಮುಂಚೆ ಎಂದೆ.